ಕೀಬೋರ್ಡ್ ಬಂತು, ಸಭೆಯ ದನಿ ಕುಗ್ಗಿತು: ಒಂದು ಸಭೆಯ ಪ್ರಕರಣ

ಆರಾಧನೆಯಲ್ಲಿ ವಾದ್ಯ ಇರಬೇಕೋ ಬೇಡವೋ ಅನ್ನುವ ಒಂದೇ ವಿಷಯಕ್ಕೆ ಒಡೆದುಹೋಗುವ ಹಂತಕ್ಕೆ ಬಂದಿದ್ದ ಒಂದು ಕ್ರೈಸ್ತ ಸಭೆಯ ಪ್ರಕರಣ ಇದು. ಎರಡೂ ಕಡೆಯವರ ಮಾತು ಕೇಳಲು ಹೊರಗಿನವರೊಬ್ಬರು ಬೇಕು ಅಂತ ಅಲ್ಲಿನ ಹಿರಿಯರು ನನ್ನನ್ನು ಕರೆದಿದ್ದರು. ಸಭೆಯ ಹೆಸರು, ಊರು, ಪಂಗಡ ಯಾವುದನ್ನೂ ಹೇಳುವುದಿಲ್ಲ. ಜನರ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಇದೇ ಜಗಳ ಇನ್ನೂ ಎಷ್ಟೋ ಸಭೆಗಳಲ್ಲಿ ಒಳಗೊಳಗೇ ಕುದಿಯುತ್ತಿದೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಸಣ್ಣ ಸಭೆ. ಎಲ್ಲರಿಗೂ ಎಲ್ಲರ ಹೆಸರು ಗೊತ್ತು. ಎರಡು ತಲೆಮಾರಿನಿಂದ ಅಲ್ಲಿ ಬರೀ ಬಾಯಿಹಾಡು. ಹಾಡು ಎತ್ತಿಕೊಡುವುದಕ್ಕೆ ವಯಸ್ಸಾದವರೊಬ್ಬರಿದ್ದರು. ಮಕ್ಕಳೆಲ್ಲ ಅವರನ್ನು ಅಜ್ಜ ಅನ್ನುತ್ತಿದ್ದರು, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಅಜ್ಜ ಮುಂದೆ ಎಡಗಡೆ ನಿಂತು ಮೊದಲ ಸಾಲನ್ನು ಒಬ್ಬರೇ ಹಾಡುತ್ತಿದ್ದರು. ಎರಡನೇ ಸಾಲಿಗೆ ಸಭೆ ಸೇರಿಕೊಳ್ಳುತ್ತಿತ್ತು. ಶ್ರುತಿ ಅವರ ಅಂದಾಜಿನದು. ಒಂದೊಂದು ದಿನ ಜಾಸ್ತಿ ಮೇಲೆ ಎತ್ತಿಬಿಡುತ್ತಿದ್ದರು, ಪಲ್ಲವಿಗೆ ಬರುವಷ್ಟರಲ್ಲಿ ಹೆಂಗಸರ ದನಿ ಒಡೆಯುತ್ತಿತ್ತು. ಇನ್ನೊಂದು ದಿನ ಚರಣದಿಂದ ಚರಣಕ್ಕೆ ಶ್ರುತಿ ಇಳಿಯುತ್ತಾ ಹೋಗುತ್ತಿತ್ತು. ಹಳಬರಿಗೆ ಅದೆಲ್ಲ ಒಂದು ವಿಷಯವೇ ಆಗಿರಲಿಲ್ಲ.

ಸಭೆಯನ್ನು ಕಟ್ಟಿದವರು ಯೋಚಿಸಿಯೇ ವಾದ್ಯ ಬಿಟ್ಟಿದ್ದರು. ಆರಾಧನೆಯಲ್ಲಿ ದೇವರು ಹೇಳಿದ್ದನ್ನು ಮಾತ್ರ ಮಾಡಬೇಕು, ನಮ್ಮದನ್ನು ಸೇರಿಸಬಾರದು ಅನ್ನುವುದು ಅವರ ನಂಬಿಕೆ. ಹೊಸ ಒಡಂಬಡಿಕೆ, ಅಂದರೆ ಬೈಬಲಿನ ಎರಡನೇ ಭಾಗ, ಸಭೆಗೆ ಹಾಡಿರಿ ಅನ್ನುತ್ತದೆ, ನುಡಿಸಿರಿ ಅಂತ ಆಜ್ಞೆ ಕೊಡುವುದಿಲ್ಲ. ಹಾಗಾಗಿ ಹಾಡೇ ಸಾಕು. ಆದರೆ ಮುಂದಿನ ತಲೆಮಾರಿಗೆ ದಾಟಿದ್ದು ನಿಯಮ ಮಾತ್ರ, ಕಾರಣ ದಾಟಲಿಲ್ಲ. "ನಮ್ಮಲ್ಲಿ ಅದೆಲ್ಲ ನಡೆಯಲ್ಲ" ಅನ್ನುವ ಉತ್ತರ ಕೇಳಿಕೊಂಡೇ ಹುಡುಗರು ಬೆಳೆದಿದ್ದರು.

ಸಮಸ್ಯೆ ಎದ್ದದ್ದು

ಆ ಹುಡುಗರಲ್ಲಿ ಒಬ್ಬಳು ಕೀಬೋರ್ಡ್ ಚೆನ್ನಾಗಿ ಕಲಿತಿದ್ದಳು. ಗೆಳೆಯರೆಲ್ಲ ಸೇರಿ ಹಿರಿಯರಿಗೆ ಒಂದು ಪತ್ರ ಕೊಟ್ಟರು. ಅದರ ತುಂಬ ಬೈಬಲಿನ 150ನೇ ಕೀರ್ತನೆಯ ಕೊಂಬು, ಸ್ವರಮಂಡಲ, ಕಿನ್ನರಿ, ದಮ್ಮಡಿ, ಕೊಳಲು, ತಾಳ. ದೇವರೇ ಇಷ್ಟನ್ನು ಬೇಡಿದ್ದಾನೆ, ನಾವು ಯಾಕೆ ಬೇಡ ಅನ್ನುತ್ತಿದ್ದೇವೆ ಅನ್ನುವುದು ಅವರ ಪ್ರಶ್ನೆ. ಹಿರಿಯರಲ್ಲೇ ಭಿನ್ನಾಭಿಪ್ರಾಯ ಇತ್ತು. ಪಾಸ್ಟರ್‌ಗೆ ಇದು ಬೇಗ ಮುಗಿದರೆ ಸಾಕಿತ್ತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಕೈ ಎತ್ತಿಸಿಬಿಟ್ಟರು. ಸ್ವಲ್ಪವೇ ಅಂತರದಲ್ಲಿ ಕೀಬೋರ್ಡ್ ಗೆದ್ದಿತು.

ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಹಾನಿ ಮಾಡಿದ್ದು ಆ ಕೈ ಎತ್ತಿಸಿದ್ದೇ ಅಂತ ನನಗೆ ಅನಿಸುತ್ತದೆ. ಇದು ದೇವರ ಮಾತಿಗೆ ವಿರುದ್ಧ ಅಂತ ನಂಬಿದವರಿಗೆ ಕೈಗಳ ಲೆಕ್ಕ ಏನನ್ನೂ ಸಾಬೀತು ಮಾಡುವುದಿಲ್ಲ. ನೀವು ಸೋತಿರಿ ಅಂತ ಮಾತ್ರ ಹೇಳುತ್ತದೆ. ಅದೂ ಎಲ್ಲರ ಮುಂದೆ. ಯಾರು ಕೈ ಎತ್ತಿದರು, ಯಾರು ಎತ್ತಲಿಲ್ಲ ಅನ್ನುವುದನ್ನು ಜನ ಮರೆಯುವುದಿಲ್ಲ, ಅಲ್ವಾ?

ಮುಂದಿನ ವಾರಗಳಲ್ಲಿ ಕೆಲವರು ಹಾಡು ಮುಗಿಯುವ ತನಕ ಹೊರಗೆ ಮೆಟ್ಟಿಲ ಮೇಲೆ ಕೂತು, ಪ್ರಸಂಗ ಶುರುವಾಗುವಾಗ ಒಳಗೆ ಬರತೊಡಗಿದರು. ಕ್ರಿಸ್ತನ ಮರಣದ ನೆನಪಿಗೆ ಒಂದೇ ಮೇಜಿನಿಂದ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನವೂ ಹಾಗೇ ಆಯಿತು. ಆಗಲೇ ನನಗೆ ಫೋನ್ ಬಂದದ್ದು.

ಮಾಡಿ ನೋಡಿದ್ದು

ನಾನು ಹೋಗುವಷ್ಟರಲ್ಲಿ ಅವರೇ ಒಂದು ದಾರಿ ಹಿಡಿದಿದ್ದರು. ಒಂದು ಭಾನುವಾರ ವಾದ್ಯ, ಮರುವಾರ ಬಾಯಿಹಾಡು. ಅದು ನಿಲ್ಲಲಿಲ್ಲ. ತಮ್ಮ ವಾರ ಅಲ್ಲದಾಗ ಜನ ಬರುವುದನ್ನೇ ಬಿಟ್ಟರು. ಒಂದು ಸಭೆ ಎರಡಾಗಿತ್ತು, ಕಟ್ಟಡ ಮಾತ್ರ ಒಂದೇ.

ಮೊದಲು ನಾನು ಕೇಳಿಕೊಂಡದ್ದು ಒಂದು ಚೀಟಿ. ಹೆಸರು ಬೇಡ. ವಾದ್ಯ ಬೇಡ ಅನ್ನುವವರು ಎರಡರಲ್ಲಿ ಒಂದನ್ನು ಬರೆಯಬೇಕು: ಇದು ದೇವರಿಗೆ ಬೇಡ ಅಂತ ನಂಬುತ್ತೇನೆ, ಅಥವಾ ಇದು ನನಗೆ ಹಿಡಿಸುವುದಿಲ್ಲ. ಬೇಕು ಅನ್ನುವವರಿಗೂ ಅದೇ ಪ್ರಶ್ನೆ: ದೇವರು ಕೇಳುತ್ತಿದ್ದಾನೆ ಅಂತ ನಂಬುತ್ತೀರಾ, ನಿಮಗೆ ಇಷ್ಟ ಅಂತ ಕೇಳುತ್ತಿದ್ದೀರಾ? ಚೀಟಿ ಬಿಚ್ಚಿದಾಗ ಹಿರಿಯರೇ ಬೆರಗಾದರು. ಎರಡೂ ಕಡೆ ಇಷ್ಟಾನಿಷ್ಟದ ಮಾತೇ ಹೆಚ್ಚು. ಮನಸ್ಸಾಕ್ಷಿಯಿಂದ ಬೇಡ ಅಂದವರು ಬೆರಳೆಣಿಕೆಯಷ್ಟು. ಅವರು ಮಾತ್ರ ಗಟ್ಟಿಯಾಗಿ ನಿಂತಿದ್ದರು.

ಒಂದು ಚೀಟಿಯಲ್ಲಿ ಎರಡೂ ಇರಲಿಲ್ಲ. "ನನ್ನನ್ನು ಯಾರೂ ಕೇಳಲಿಲ್ಲ" ಅಂತ ಒಂದೇ ಸಾಲು. ಅಕ್ಷರ ನೋಡಿದ ಕೂಡಲೇ ಎಲ್ಲರಿಗೂ ತಿಳಿಯಿತು, ಅದು ಅಜ್ಜನದು. ಆಮೇಲೆ ಅವರ ಜೊತೆ ಕೂತು ಮಾತಾಡಿದೆ. ಕೈ ಎತ್ತಿಸಿದ ದಿನ ಅವರು ಹುಷಾರಿಲ್ಲದೆ ಮನೆಯಲ್ಲಿದ್ದರು. ಮುಂದಿನ ಭಾನುವಾರ ಬಂದು ನೋಡಿದರೆ ತಾವು ನಿಲ್ಲುವ ಜಾಗದಲ್ಲಿ ಕೀಬೋರ್ಡಿನ ಸ್ಟ್ಯಾಂಡು, ನೆಲದ ಮೇಲೆ ವೈರು. ಒಬ್ಬ ಹುಡುಗ ಪ್ರೀತಿಯಿಂದಲೇ, "ಅಜ್ಜ, ನೀವು ಇನ್ಮೇಲೆ ಆರಾಮಾಗಿ ಬೆಂಚಲ್ಲಿ ಕೂತ್ಕೊಳ್ಳಿ" ಅಂದನಂತೆ. ಅಜ್ಜ ಕೂತರು. ಅವತ್ತಿನಿಂದ ಹಾಡಲಿಲ್ಲ. ವಾದ್ಯ ಪಾಪ ಅಂತ ಅವರಿಗೆ ಯಾವತ್ತೂ ಅನಿಸಿರಲಿಲ್ಲ. ಆದರೂ ವಿರೋಧಿಗಳ ಮುಂದಾಳು ಅಂತ ಸಭೆ ಅವರನ್ನೇ ನೋಡುತ್ತಿತ್ತು.

ಒಬ್ಬರ ವಾದ ಇನ್ನೊಬ್ಬರ ಬಾಯಲ್ಲಿ

ಎರಡನೆಯದಾಗಿ, ವಾರದ ನಡುವೆ ಕೂತು ಓದುವ ಏರ್ಪಾಡು ಮಾಡಿದೆವು. ಷರತ್ತು ಒಂದೇ. ವಾದ್ಯ ಬೇಕು ಅನ್ನುವವರು ಬೇಡ ಅನ್ನುವ ವಾದವನ್ನು ಓದಿ, ಆ ಕಡೆಯವರು "ಹೌದು, ನಾವು ಹೇಳುವುದು ಇದೇ" ಅನ್ನುವ ಹಾಗೆ ಹೇಳಬೇಕು. ಬೇಡ ಅನ್ನುವವರು ಬೇಕು ಅನ್ನುವ ವಾದವನ್ನು ಹಾಗೇ ಹೇಳಬೇಕು.

ಕೀಬೋರ್ಡ್ ಹುಡುಗಿ ಚೆನ್ನಾಗಿ ತಯಾರಾಗಿ ಬಂದಿದ್ದಳು. ವಾದ್ಯ ಬೇಡ ಅನ್ನುವುದು ಹಳೇ ಕಾಲದವರ ಹಟ ಅಂತ ಅವಳು ತಿಳಿದಿದ್ದಳು. ಓದಿದಾಗ ಸಿಕ್ಕಿದ್ದೇ ಬೇರೆ. ಮೊದಲ ಶತಮಾನಗಳ ಸಭೆ ವಾದ್ಯವಿಲ್ಲದೆ ಹಾಡಿತು. ಆ ಕಾಲದ ಬೋಧಕರಾದ ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಜಾನ್ ಕ್ರಿಸೊಸ್ಟಮ್ ಇಬ್ಬರೂ ವಾದ್ಯದ ವಿಷಯದಲ್ಲಿ ಬಿಗಿ. ಅವರ ಕಾಲದಲ್ಲಿ ಕೊಳಲು, ತಮಟೆ ಅಂದರೆ ನಾಟಕಶಾಲೆ, ಕುಡಿತದ ಔತಣ, ಅನ್ಯದೇವತೆಗಳ ಪೂಜೆ. 757ರಲ್ಲಿ ಬೈಜಾಂಟಿಯಂ ಚಕ್ರವರ್ತಿ ಫ್ರಾಂಕರ ರಾಜ ಪಿಪಿನ್‌ಗೆ ಆರ್ಗನ್ ಕಳಿಸಿದ್ದು ಅರಮನೆಯ ಉಡುಗೊರೆಯಾಗಿ. ಚರ್ಚಿನೊಳಗೆ ಅದು ನೆಲೆಯೂರಿದ್ದು ಆಮೇಲೆ. 13ನೇ ಶತಮಾನದಲ್ಲೂ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್, ಸಭೆ ಕಿನ್ನರಿಯಂಥ ವಾದ್ಯಗಳನ್ನು ಆರಾಧನೆಗೆ ಬಳಸುವುದಿಲ್ಲ ಅಂತಲೇ ಬರೆದರು. 16ನೇ ಶತಮಾನದ ಸಭಾ ಸುಧಾರಕ ಸ್ವಿಂಗ್ಲಿ ತಾನೇ ಒಳ್ಳೆಯ ವಾದ್ಯಗಾರ, ಆದರೂ ಅವನ ಸುಧಾರಣೆ ನಡೆದ ಜ್ಯೂರಿಕ್‌ನಲ್ಲಿ 1527ರಲ್ಲಿ ಆರ್ಗನ್ ಬಿಚ್ಚಿ ತೆಗೆದರು. ಇನ್ನೊಬ್ಬ ಸುಧಾರಕ ಕ್ಯಾಲ್ವಿನ್‌ನ ಜಿನೀವಾದಲ್ಲಿ ಆರಾಧನೆಗೆ ಕೀರ್ತನೆಗಳು, ಬರೀ ದನಿಯಲ್ಲಿ. 19ನೇ ಶತಮಾನದ ಪ್ರಸಂಗಿ ಸ್ಪರ್ಜನ್ ಲಂಡನ್ನಿನಲ್ಲಿ ಸಾವಿರಾರು ಜನರನ್ನು ವಾದ್ಯವಿಲ್ಲದೆ ಹಾಡಿಸಿದರು. ಪೂರ್ವದ ಆರ್ಥಡಾಕ್ಸ್ ಸಭೆಗಳು ಬಹುಪಾಲು ಇವತ್ತಿಗೂ ಹಾಗೇ ಹಾಡುತ್ತವೆ.

ಅವಳು ಕೊನೆಗೆ ಹೇಳಿದ ಮಾತು ಅಲ್ಲಿದ್ದವರನ್ನೆಲ್ಲ ಮುಟ್ಟಿತು. 2 ಪೂರ್ವಕಾಲವೃತ್ತಾಂತ 29ನೇ ಅಧ್ಯಾಯದಲ್ಲಿ ರಾಜ ಹಿಜ್ಕೀಯನ ಕಾಲಕ್ಕೆ ದೇವಾಲಯದಲ್ಲಿ ಸರ್ವಾಂಗಹೋಮ, ಅಂದರೆ ಬಲಿಯನ್ನು ಪೂರ್ತಿ ಸುಡುವ ಅರ್ಪಣೆ, ಶುರುವಾದಾಗ ಹಾಡೂ ತುತ್ತೂರಿಯೂ ಶುರುವಾಗುತ್ತವೆ, ಹೋಮ ಮುಗಿಯುವ ತನಕ ನಡೆಯುತ್ತವೆ. ವಾದ್ಯ ಬಲಿಪೀಠಕ್ಕೆ ಅಂಟಿಕೊಂಡಿದೆ. ಬಲಿ ಕ್ರಿಸ್ತನಲ್ಲಿ ಒಂದೇ ಸಲಕ್ಕೆ ಮುಗಿಯಿತು ಅಂದರೆ, ಅದರ ಜೊತೆ ಬಂದದ್ದೂ ಮುಗಿಯಿತು ಅಂತ ನಂಬುವುದರಲ್ಲಿ ತಪ್ಪೇನು ಅಂತ ಕೇಳಿದಳು. ಮೆಟ್ಟಿಲ ಮೇಲೆ ಕೂರುತ್ತಿದ್ದ ಒಬ್ಬರು, "ಇಷ್ಟು ಚೆನ್ನಾಗಿ ನಮಗೇ ಹೇಳೋಕೆ ಬರಲ್ಲ ಕಣಮ್ಮ" ಅಂದರು.

ಅವರ ಸರದಿಯೂ ಬಂತು. ಅದೇ ಅಧ್ಯಾಯವನ್ನೇ ಅವರು ತಿರುಗಿಸಿ ಓದಿದರು. ಅಲ್ಲಿ ವಾದ್ಯ ಬಂದದ್ದು ರಾಜ ದಾವೀದನ ಖಯಾಲಿಗಲ್ಲ, ಕರ್ತನು ಪ್ರವಾದಿಗಳ ಮೂಲಕ ಕೊಟ್ಟ ಆಜ್ಞೆಗೆ. ದೇವರು ಒಮ್ಮೆ ಕೇಳಿ ಪಡೆದದ್ದು ತಾನಾಗಿ ಕೆಟ್ಟದ್ದಾಗುವುದಿಲ್ಲ. ಬೇಡ ಅಂತ ಹೊಸ ಒಡಂಬಡಿಕೆ ಎಲ್ಲೂ ಹೇಳಿಲ್ಲ. ಪ್ರಕಟನೆ 5ರಲ್ಲಿ ಕುರಿಮರಿಯಾದ ಕ್ರಿಸ್ತನ ಮುಂದೆ ಪರಲೋಕದ ಹಿರಿಯರ ಕೈಯಲ್ಲಿ ಕಿನ್ನರಿ ಇದೆ. ಇಥಿಯೋಪಿಯದ ಪುರಾತನ ಸಭೆ ಡೋಲು ಬಾರಿಸಿಯೇ ಆರಾಧಿಸುತ್ತದೆ. ಸುಧಾರಕ ಲೂಥರ್‌ಗೆ ಸಂಗೀತ ದೇವರ ವರ. ಆಮೋಸ 5ರಲ್ಲಿ ದೇವರು ಇಸ್ರಾಯೇಲ್ಯರ ವಾದ್ಯಗಳ ಸದ್ದು ಕೇಳಲಾರೆ ಅನ್ನುತ್ತಾನೆ ನಿಜ, ಆದರೆ ಅದೇ ಮಾತಿನಲ್ಲಿ ಹಾಡನ್ನೂ ಹಬ್ಬವನ್ನೂ ಬಲಿಯನ್ನೂ ತಳ್ಳಿಹಾಕುತ್ತಾನೆ. ಅಲ್ಲಿ ಅವನ ಕೋಪ ಅನ್ಯಾಯದ ಮೇಲೆ.

ನನ್ನ ಅಭಿಪ್ರಾಯ ಕೇಳಿದರು, ಹೇಳಿದೆ. ವಾದ್ಯಕ್ಕೆ ಅನುಮತಿ ಇದೆ ಅಂತ ನಾನು ನಂಬುತ್ತೇನೆ. ಆದರೆ ಬೇಡ ಅನ್ನುವವರ ಹಿಂದೆ ಇರುವ ಇತಿಹಾಸ ತುಂಬ ದೊಡ್ಡದು. ಅದನ್ನು ಸುಮ್ನೆ ಸಂಪ್ರದಾಯ ಅಂತ ಪಕ್ಕಕ್ಕೆ ಸರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈ ಓದಿನಿಂದ ಯಾರೂ ಪಕ್ಷ ಬದಲಿಸಲಿಲ್ಲ. ಆದರೆ ಎರಡೂ ಕಡೆಯವರು ಒಪ್ಪಿದ ಒಂದು ಮಾತು ಸಿಕ್ಕಿತು. ಹೊಸ ಒಡಂಬಡಿಕೆಯ ಪತ್ರಗಳಲ್ಲಿ, ಎಫೆಸದವರಿಗೆ 5:19 ಮತ್ತು ಕೊಲೊಸ್ಸೆಯವರಿಗೆ 3:16, ಎರಡೂ ಕಡೆ ಸಭೆಯ ಹಾಡು ದೇವರಿಗೆ ಮಾತ್ರ ಅಲ್ಲ, ಒಬ್ಬರಿಗೊಬ್ಬರು ಹೇಳುವ ಮಾತೂ ಹೌದು. ಹಾಗಾದರೆ ಪಕ್ಕದವರ ದನಿ ಕೇಳಬೇಕು. ವಾದ್ಯ ಇರಲಿ, ಇಲ್ಲದಿರಲಿ, ಈ ಅಳತೆಗೆ ಎಲ್ಲರೂ ತಲೆಬಾಗಿದರು. ಅನುಮತಿ ಕೊಟ್ಟವರೂ ಈ ಗೆರೆ ಎಳೆದಿದ್ದಾರೆ. 1903ರಲ್ಲಿ ಪೋಪ್ ಹತ್ತನೇ ಪಯಸ್, ಹಾಡಿಗೇ ಮೊದಲ ಸ್ಥಾನ, ಆರ್ಗನ್ ಅದನ್ನು ಎತ್ತಿ ಹಿಡಿಯಬೇಕು, ಅಮುಕಬಾರದು ಅಂತ ಬರೆದರು. ಪಿಯಾನೊ, ಡ್ರಮ್‌ಗಳನ್ನಂತೂ ಚರ್ಚಿನಿಂದ ಹೊರಗಿಟ್ಟರು.

ಕೇಳಿಸಿಕೊಂಡ ದಿನ

ಪಾಸ್ಟರ್ ಬಳಿ ಹಳೆಯ ಒಂದು ದೀಕ್ಷಾಸ್ನಾನದ ದಿನದ ರೆಕಾರ್ಡಿಂಗ್ ಇತ್ತು. ಹಿಂದಿನ ಬೆಂಚಿನಿಂದ ಫೋನಿನಲ್ಲಿ ಹಿಡಿದದ್ದು. ಅದೇ ಬೆಂಚಿನಿಂದ, ಅದೇ ಹಾಡನ್ನು, ಕೀಬೋರ್ಡ್ ಇದ್ದ ಭಾನುವಾರ ಇನ್ನೊಮ್ಮೆ ಹಿಡಿದರು. ಎರಡನ್ನೂ ಕೂತು ಕೇಳಿದೆವು.

ಹಳೆಯದರಲ್ಲಿ ಶ್ರುತಿ ಜಾರುತ್ತಿತ್ತು, ಎರಡನೇ ಚರಣಕ್ಕೆ ಅರ್ಧ ಸಭೆ ಮುಂದೆ, ಅರ್ಧ ಹಿಂದೆ. ಆದರೆ ಎಲ್ಲರೂ ಹಾಡುತ್ತಿದ್ದರು. ಹೊಸದರಲ್ಲಿ ಮೈಕ್ ಹಿಡಿದ ಮೂವರ ದನಿ ಇದೆ, ಕೀಬೋರ್ಡ್ ಇದೆ, ಅದರೊಳಗಿನ ತಾಳದ ಪೆಟ್ಟಿಗೆ ಟಕ್ ಟಕ್ ಅನ್ನುತ್ತಿದೆ. ಸಭೆ ಇಲ್ಲ. ಹುಡುಗರು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಮೆಲ್ಲಗೆ ಹೇಳಿದ: "ಹಳೇದ್ರಲ್ಲಿ ಮಕ್ಕಳ ದನಿಯೂ ಇಲ್ಲ ನೋಡಿ. ಹೊಸಬರಿಗೆ ರಾಗ ಸಿಗ್ತಾನೇ ಇರ್ಲಿಲ್ಲ." ಅದೂ ನಿಜವೇ.

ಫೋನು ಹತ್ತಿರದ ದೊಡ್ಡ ಸದ್ದನ್ನೇ ಹಿಡಿಯುತ್ತದೆ. ಅದನ್ನೊಂದೇ ನಂಬುವುದು ಸರಿಯಲ್ಲ. ಹಾಗಾಗಿ ಮುಂದಿನ ವಾರ ಒಂದೊಂದು ಸಾಲಿಗೆ ಒಬ್ಬರನ್ನು ಕೂರಿಸಿ, ಹಾಡಬೇಡಿ, ಕೇಳಿಸಿಕೊಳ್ಳಿ ಅಂತ ಹೇಳಿದೆವು. ಮುಂದಿನ ಸಾಲಿನವರಿಗೆ ಸ್ಪೀಕರ್ ಬಿಟ್ಟರೆ ಏನೂ ಕೇಳಿಸಿರಲಿಲ್ಲ. ಕಿವಿಗೆ ಮೆಷಿನ್ ಹಾಕಿಕೊಳ್ಳುವ ಒಬ್ಬ ಆಂಟಿ, ಹಾಡು ಶುರುವಾದ ಕೂಡಲೇ ಅದನ್ನು ತೆಗೆದು ಪರ್ಸಿಗೆ ಹಾಕುತ್ತಿದ್ದರು. ಅವರು ವಾದ್ಯದ ಪರವಾಗಿ ಕೈ ಎತ್ತಿದ್ದವರು.

ಅಜ್ಜ ಮತ್ತು ಹುಡುಗಿ

ನಿಜವಾದ ತಿರುವು ಯಾವ ಮೀಟಿಂಗಿನಲ್ಲೂ ಬರಲಿಲ್ಲ. ರೆಕಾರ್ಡಿಂಗ್ ಕೇಳಿದ ಮೇಲೆ ಹುಡುಗಿ ತಾನಾಗಿಯೇ ಅಜ್ಜನ ಹತ್ತಿರ ಹೋದಳು. ನಿಮ್ಮನ್ನು ಕೇಳದೆ ನಿಮ್ಮ ಜಾಗಕ್ಕೆ ಬಂದೆ, ಕ್ಷಮಿಸಿ ಅಂದಳು. ಇಬ್ಬರೂ ಶನಿವಾರ ಸಂಜೆ ಖಾಲಿ ಚರ್ಚಿನಲ್ಲಿ ಕೂತು ಮರುದಿನದ ಹಾಡುಗಳನ್ನು ಹಾಡಿನೋಡಲು ಶುರುಮಾಡಿದರು. ಒಮ್ಮೆ ನಾನೂ ಹೋಗಿದ್ದೆ.

ಅಜ್ಜ ಹಾಡುತ್ತಾ ಸಾಲಿನ ಕೊನೆಗೆ ನಿಂತರು. ತಾಳದ ಪೆಟ್ಟಿಗೆ ನಿಲ್ಲಲಿಲ್ಲ, ಮುಂದಿನ ಸಾಲಿಗೆ ಓಡಿತು. "ಮಗಳೇ, ಸಾಲಿನ ಕೊನೆಗೆ ಜನ ಉಸಿರು ತಗೋತಾರೆ. ನಿನ್ನ ಪೆಟ್ಟಿಗೆ ತಗೊಳ್ಳಲ್ಲ" ಅಂದರು. ಅವಳು ತಾಳವನ್ನು ಆಫ್ ಮಾಡಿದಳು. ಬರೀ ಬೆರಳಲ್ಲಿ, ಅವರ ಉಸಿರು ನೋಡಿಕೊಂಡು ನುಡಿಸಿದಳು. ಸಾಲು ಮುಗಿದಾಗ ಕೈ ಎತ್ತಿ ಕಾದಳು. ವಯಸ್ಸಾದವರು ಯಾಕೆ ಹಾಡು ಬಿಟ್ಟಿದ್ದರು ಅನ್ನುವುದಕ್ಕೆ ಅಷ್ಟು ದಿನ ಯಾರಿಗೂ ಸಿಗದ ಉತ್ತರ ಅಲ್ಲಿ ಸಿಕ್ಕಿತು. ಅವರಿಗೆ ವಾದ್ಯದ ಮೇಲೆ ಸಿಟ್ಟಿರಲಿಲ್ಲ, ಉಸಿರಿಗೆ ಜಾಗ ಸಿಗುತ್ತಿರಲಿಲ್ಲ.

ಅವಳ ದೂರೂ ಇತ್ತು. "ಅಜ್ಜ, ನೀವು ಎತ್ತೋ ಶ್ರುತಿಗೆ ನಮ್ಮಮ್ಮ ಹಾಡೋಕ್ಕೇ ಆಗಲ್ಲ." ಅಜ್ಜ ನಕ್ಕು ಒಪ್ಪಿಕೊಂಡರು. ಒಂದೊಂದು ಹಾಡನ್ನೂ ಎರಡು ಮೂರು ಶ್ರುತಿಯಲ್ಲಿ ಹಾಡಿನೋಡಿ, ಹೆಂಗಸರಿಗೂ ಗಂಡಸರಿಗೂ ಹೊಂದುವುದನ್ನು ಹಾಡಿನ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟರು.

ತೀರ್ಮಾನ

ಹಿರಿಯರು ಈ ಸಲ ಕೈ ಎತ್ತಿಸಲಿಲ್ಲ. ಕೀಬೋರ್ಡ್ ಇರಲಿ, ತಾಳದ ಪೆಟ್ಟಿಗೆ ಬೇಡ ಅಂದರು. ಸ್ಟ್ಯಾಂಡನ್ನು ಬಲಗಡೆಗೆ ಸರಿಸಿದರು, ಅಜ್ಜ ತಮ್ಮ ಜಾಗಕ್ಕೆ ವಾಪಸು ಬಂದರು. ಮೈಕ್ ಹಾಡು ಎತ್ತಿಕೊಡುವವರಿಗೆ ಒಂದೇ, ಅದೂ ಎರಡನೇ ಸಾಲಿನಿಂದ ಬಂದ್. ಪ್ರತಿ ಹಾಡಿನ ಕೊನೇ ಚರಣ ಬಾಯಲ್ಲಿ ಮಾತ್ರ. ಕರ್ತನ ಭೋಜನದ ಆರಾಧನೆಯಲ್ಲಿ ವಾದ್ಯವೇ ಇಲ್ಲ.

ಕೊನೆಯದರ ಬಗ್ಗೆ ಹುಡುಗರಿಗೆ ಬೇಸರ ಆಯಿತು. ಅದನ್ನು ಬಿಡಿಸಿ ಹೇಳುವ ಕೆಲಸ ನನಗೆ ಬಂತು. ಈ ಜಗಳದಲ್ಲಿ ಎರಡು ಕಡೆ ಸಮಸಮ ಇಲ್ಲ. ವಾದ್ಯ ಬೇಕು ಅನ್ನುವವರು ಯಾರೂ ಬಾಯಿಹಾಡು ಪಾಪ ಅಂತ ನಂಬುವುದಿಲ್ಲ. ಬೇಡ ಅನ್ನುವವರಲ್ಲಿ ಕೆಲವರು ವಾದ್ಯ ನುಡಿಸುವುದು ದೇವರಿಗೆ ಅವಿಧೇಯತೆ ಅಂತ ನಂಬುತ್ತಾರೆ. ಅವರಿಗೆ ಸೌಂಡ್ ಅರ್ಧ ಮಾಡುತ್ತೇವೆ ಅಂದರೆ ಅರ್ಥವೇ ಇಲ್ಲ, ಅವರ ಲೆಕ್ಕದಲ್ಲಿ ತಪ್ಪು ಅರ್ಧ ಆಗುವುದಿಲ್ಲ. ವಾದ್ಯವಿಲ್ಲದ ಮೇಜಿಗೆ ಮಾತ್ರ ಇಬ್ಬರೂ ಶುದ್ಧ ಮನಸ್ಸಿನಿಂದ ಬರಬಹುದು. ಕರ್ತನ ಮೇಜಿನಿಂದ ಯಾರನ್ನೂ ಮೆಟ್ಟಿಲಿಗೆ ಕಳಿಸಬಾರದು ಅನ್ನುವುದು ನನ್ನ ಗಟ್ಟಿ ನಿಲುವು.

ಹಾಗಂತ ಇದೇ ತರ್ಕವನ್ನು ಎಲ್ಲ ಭಾನುವಾರಕ್ಕೂ ಎಳೆದರೆ, ಅತಿ ಬಿಗಿಯಾದವರ ಮಾತೇ ಕೊನೆಗೆ ಎಲ್ಲರಿಗೂ ಕಾನೂನಾಗುತ್ತದೆ. ರೋಮಾಪುರದವರಿಗೆ 14ನೇ ಅಧ್ಯಾಯವನ್ನು ಎರಡೂ ಕಡೆಯವರು ನನಗೆ ಓದಿ ತೋರಿಸಿದರು. ನಂಬಿಕೆಯಲ್ಲಿ ದೃಢರಿಲ್ಲದವರು ಆ ಕಡೆಯವರು, ನಾವು ಸಹಿಸಿಕೊಳ್ಳುತ್ತಿದ್ದೇವೆ ಅಂತ ಇಬ್ಬರಿಗೂ ಅನಿಸಿತ್ತು. ಅಲ್ಲಿನ ಜಗಳ ಊಟದ್ದು. ಅಪೊಸ್ತಲ ಪೌಲ ಎಲ್ಲವನ್ನೂ ತಿನ್ನುವವರಿಗೆ ಹೀನೈಸಬೇಡಿ ಅನ್ನುತ್ತಾನೆ, ತಿನ್ನದವರಿಗೆ ತೀರ್ಪು ಮಾಡಬೇಡಿ ಅನ್ನುತ್ತಾನೆ. ಅವರವರಿಗೆ ಹೇಳಿದ ಅರ್ಧವನ್ನು ಅವರವರು ಓದಿಕೊಳ್ಳಬೇಕು.

ಎಲ್ಲವೂ ಸರಿಹೋಗಲಿಲ್ಲ. ಒಂದು ಕುಟುಂಬ ವಾದ್ಯವಿಲ್ಲದ ಬೇರೊಂದು ಸಭೆಗೆ ಹೋಯಿತು. ಅವರನ್ನು ಜಗಳವಾಡಿ ಕಳಿಸಲಿಲ್ಲ, ಪ್ರಾರ್ಥನೆ ಮಾಡಿ ಕಳಿಸಿದರು. ಇವರು ನಮ್ಮ ಪ್ರಿಯರು ಅಂತ ಪಾಸ್ಟರ್ ಆ ಸಭೆಗೆ ಪತ್ರವನ್ನೂ ಕೊಟ್ಟರು. ಬೇರೆಯಾಗಿ ಆರಾಧಿಸುವುದು ಸೋಲು ಅಂತ ನಾನು ನೋಡುವುದಿಲ್ಲ. ಅಮೆರಿಕದಲ್ಲಿ ಇದೂ ಒಂದು ದೊಡ್ಡ ಕಾರಣವಾಗಿ ಬೇರೆಯಾದ ಚರ್ಚಸ್ ಆಫ್ ಕ್ರೈಸ್ಟ್ ಸಭೆಗಳನ್ನು 1906ರ ಧಾರ್ಮಿಕ ಗಣತಿ ಪ್ರತ್ಯೇಕವಾಗಿಯೇ ಎಣಿಸಿತು. ಸ್ಕಾಟ್ಲೆಂಡಿನ ಫ್ರೀ ಚರ್ಚ್ ಬರೀ ಕೀರ್ತನೆ ಹಾಡುತ್ತಿದ್ದದ್ದು, 2010ರಲ್ಲಿ ವಾದ್ಯಕ್ಕೂ ಬೇರೆ ಹಾಡುಗಳಿಗೂ ದಾರಿ ಬಿಟ್ಟಾಗ ಅಲ್ಲೂ ನೋವಾಯಿತು. ನೂರಾರು ವರ್ಷ ದೇವಭಕ್ತರೇ ಒಪ್ಪದ ವಿಷಯವನ್ನು ಒಂದು ಸಣ್ಣ ಸಭೆ ಕೆಲವು ತಿಂಗಳಲ್ಲಿ ಬಗೆಹರಿಸಬೇಕು ಅಂತ ಕೇಳುವುದು ನ್ಯಾಯವಲ್ಲ. ಹೋಗುವವರು ಹೇಗೆ ಹೋದರು ಅನ್ನುವುದನ್ನು ಮಾತ್ರ ಆ ಸಭೆ ಗಮನಿಸಬಹುದಿತ್ತು, ಗಮನಿಸಿತು.

ಮೆಟ್ಟಿಲ ಮೇಲೆ ಕೂರುತ್ತಿದ್ದ ಉಳಿದವರು ಒಳಗೆ ಬಂದಿದ್ದಾರೆ. ಅವರಲ್ಲಿ ಇಬ್ಬರು ಕೀಬೋರ್ಡ್ ನುಡಿಸುವಾಗ ಬಾಯಿ ಮುಚ್ಚಿ ನಿಲ್ಲುತ್ತಾರೆ, ಕೊನೇ ಚರಣಕ್ಕೆ ದನಿ ಕೂಡಿಸುತ್ತಾರೆ. ಯಾರೂ ಅವರನ್ನು ಕೆಣಕುವುದಿಲ್ಲ. ಆಂಟಿ ಕಿವಿಯ ಮೆಷಿನ್ ತೆಗೆಯುವುದಿಲ್ಲ. ಡ್ರಮ್ ಬೇಕು ಅಂತ ಕೇಳಿದ್ದ ಹುಡುಗನಿಗೆ ಮಾತ್ರ ಈಗಲ್ಲ ಅನ್ನುವ ಉತ್ತರ ಬಂತು. ಅವನಿಗೆ ಅದು ನುಂಗಲು ಕಷ್ಟವಾಯಿತು, ಕೆಲವು ವಾರ ಬರಲೇ ಇಲ್ಲ.

ಈಗ ಗಿಟಾರ್ ಬೇಕು ಅಂತ ಹೊಸದೊಂದು ಬೇಡಿಕೆ ಬಂದಿದೆ. ಹಿರಿಯರು ಮೊದಲು ಮನಸ್ಸಾಕ್ಷಿಯ ತೊಂದರೆ ಇರುವವರ ಮನೆಗಳಿಗೆ ಹೋಗಿ ಕೇಳಿ ಬಂದರು. ಆಮೇಲೆ ಗಿಟಾರ್ ನುಡಿಸುವ ಹುಡುಗನನ್ನು ಶನಿವಾರ ಸಂಜೆ ಅಜ್ಜನ ಹತ್ತಿರ ಕಳಿಸಿದ್ದಾರೆ.